ಸಂಧಿವಾತವೂ ಆಮವಾತವೂ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದವನ ಮೊಣಕಾಲು ಮುಪ್ಪಿನಲ್ಲಿ ದೂರು ಹೇಳತೊಡಗುವುದು ಸೋಜಿಗವಲ್ಲ. ನಾಗಸಂದ್ರದ ನಮ್ಮ ಬೀದಿಯಲ್ಲಿ ಅಂಥ ಕಾಲುಗಳು ಹಲವುಂಟು; ಅವುಗಳಲ್ಲಿ ಎರಡು ನನ್ನವು. 2015ರಲ್ಲಿ ಮೆಟ್ರೋ ರೈಲು ನಮ್ಮಲ್ಲಿಗೆ ಬಂದಾಗ ಎಲ್ಲರೂ ಅದರ ವೇಗವನ್ನು ಕೊಂಡಾಡಿದರು. ನಾನು ನಿಲ್ದಾಣದ ಲಿಫ್ಟನ್ನು ಕೊಂಡಾಡಿದೆನು.

ಈ ವ್ಯಾಧಿಗೆ ಹಳೆಯ ಗ್ರಂಥಗಳಲ್ಲಿ ಸಂಧಿಗತವಾತವೆಂದು ಹೆಸರು. ಕೀಲು ಗಾಳಿ ತುಂಬಿದ ತೊಗಲಚೀಲದಂತೆ ಕೈಗೆ ಹತ್ತುವುದೆಂದೂ, ಚಾಚುವಾಗ ಮಡಿಸುವಾಗ ನೋಯುವುದೆಂದೂ ಚರಕಸಂಹಿತೆಯು ಲಕ್ಷಣವನ್ನು ಹೇಳುತ್ತದೆ. ಚಿಕಿತ್ಸೆಯು ಸ್ನೇಹನ ಸ್ವೇದನಗಳು, ಎಂದರೆ ಎಣ್ಣೆಯೂ ಕಾವೂ. ನಮ್ಮ ವೈದ್ಯರು ನನಗೆ ಜಾನುಬಸ್ತಿಯನ್ನು ಮಾಡಿದರು. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಮೊಣಕಾಲಿನ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ತೈಲವನ್ನು ಹೊಯ್ದು, ಆರಿದಂತೆಲ್ಲ ಅದನ್ನು ತೆಗೆದು ಬಿಸಿಯದನ್ನು ತುಂಬುತ್ತ ಅರ್ಧ ಗಂಟೆ ಮಲಗಿಸುವರು. (ಉದ್ದಿನ ಬೆಲೆಯನ್ನು ನೆನೆದು ಮನೆಯಾಕೆ ಗೊಣಗಿದುದುಂಟು.) ಮನೆಯಲ್ಲಿ ಲಕ್ಕಿ ಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು. ಸವೆದ ಮೃದ್ವಸ್ಥಿಯು ಇದರಿಂದ ಮತ್ತೆ ಬೆಳೆಯಿತೆಂದು ನಾನು ಹೇಳಲಾರೆನು. ಎದ್ದು ಕೂರುವ ಸಂಕಟ ತಗ್ಗಿತು, ರಾತ್ರಿ ನಿದ್ರೆ ಬಂದಿತು. ತೊಡೆಗೆ ಬಲ ಬರಿಸುವ ವ್ಯಾಯಾಮವನ್ನು ಮಾತ್ರ ಅವರು ಒಂದು ದಿನವೂ ಬಿಡಗೊಡಲಿಲ್ಲ.

ಹೊಟ್ಟೆಗೆ ಕೊಡುವ ಔಷಧಗಳ ಮಾತು ಬೇರೆ. ಮೊಣಕಾಲಿನ ಸವೆತವುಳ್ಳ 440 ಮಂದಿಯನ್ನು 24 ವಾರ ಪರೀಕ್ಷಿಸಿ 2013ರಲ್ಲಿ ನಮ್ಮ ದೇಶದ ವಿದ್ವಾಂಸರು ಪ್ರಕಟಿಸಿದ ವರದಿಯಲ್ಲಿ, ಆಯುರ್ವೇದದ ಯೋಗಗಳು ನೋವಿನ ಇಂಗ್ಲಿಷ್ ಮಾತ್ರೆಗೆ ಸಮನಾದುವು. ಆದರೆ ಕೆಲವರಲ್ಲಿ ಯಕೃತ್ತಿನ ಪರೀಕ್ಷೆಯ ಅಂಕಿ ಏರಿತು. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣವಿದ್ದುದು 2004ರಲ್ಲಿ ಹೊರಬಿದ್ದಿತು. ಆದುದರಿಂದ ಹೆಸರಿಲ್ಲದ ಪುಡಿಯ ಪೊಟ್ಟಣ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ.

ಇನ್ನು ಸೊಸೆಯ ವಿಷಯ. ಅವಳಿಗಿನ್ನೂ ನಲವತ್ತಾಗಿರಲಿಲ್ಲ. ಬೆಳಗಾಗೆದ್ದರೆ ಒಂದು ಗಂಟೆಯ ಕಾಲ ಬೆರಳುಗಳು ಮಡಿಯವು. ಎರಡು ಕೈಗಳ ಗೆಣ್ಣುಗಳೂ ಊದಿದ್ದುವು, ಸಣ್ಣ ಜ್ವರವೂ ಇದ್ದಿತು. ಮಾವನಿಗೆ ನಾಟಿದ ಎಣ್ಣೆ ತನಗೂ ನಾಟೀತೆಂದು ಅವಳು ವೈದ್ಯರಲ್ಲಿಗೆ ಹೋದಳು. ಅವರು ಎಣ್ಣೆಯ ಸೀಸೆಯನ್ನು ಬದಿಗೆ ಸರಿಸಿ, “ತಾಯಿ, ನಿಮ್ಮ ಮಾವನವರದು ಸವೆತ, ನಿಮ್ಮದು ಉರಿ. ಇದಕ್ಕೆ ಎಣ್ಣೆ ತಿಕ್ಕಕೂಡದು” ಎಂದರು. ಮಾಧವನಿದಾನವು ಇದನ್ನು ಆಮವಾತವೆಂದು ಬೇರೆಯಾಗಿಯೇ ಎಣಿಸಿದೆ. ಮರಳಿನ ಒಣಶಾಖ, ಶುಂಠಿ, ಲಂಘನ ಇದರ ಉಪಚಾರಗಳು. ವೈದ್ಯರು ಅಷ್ಟಕ್ಕೆ ನಿಲ್ಲದೆ ಅಂದೇ ರಕ್ತಪರೀಕ್ಷೆಗೆ ಬರೆದು, ಕೀಲುರೋಗದ ತಜ್ಞರಲ್ಲಿಗೆ ಕಳುಹಿದರು. ಈ ಉರಿಯೂತವು ತಡಮಾಡಿದರೆ ಮೂಳೆಯನ್ನೇ ಕೊರೆದು ಬೆರಳನ್ನು ಸೊಟ್ಟಗೆ ಮಾಡುವುದಂತೆ. ಪರೀಕ್ಷೆಯಲ್ಲಿ ಅವರ ಸಂದೇಹವೇ ನಿಜವಾಯಿತು.

ಈಗ ಅವಳಿಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ, ಆಗಾಗ್ಗೆ ರಕ್ತಪರೀಕ್ಷೆ. ಇಬ್ಬರು ವೈದ್ಯರಿಗೂ ತಿಳಿಸದೆ ಯಾವ ಕಷಾಯವನ್ನೂ ಕುಡಿಯುವಂತಿಲ್ಲ. ಕಳೆದ ದೀಪಾವಳಿಗೆ ನಮ್ಮ ಮನೆಯ ಕಜ್ಜಾಯಗಳನ್ನು ತಟ್ಟಿದವಳು ಅವಳೇ.