ಹಡಗು ನಿಂತ ಒಂದು ಹಗಲು

ಹಾನಗಲ್ಲಿನವರಾದ ನಮಗೆ ಕಡಲು ನೆರೆಯೂ ಅಲ್ಲ, ತೀರ ದೂರವೂ ಅಲ್ಲ. ಶಿರಸಿಯ ಕಾಡನ್ನು ಕಳೆದು, ದೇವಿಮನೆ ಘಟ್ಟವನ್ನಿಳಿದರೆ ಕುಮಟೆಯ ಉಪ್ಪುಗಾಳಿ ಮುಖಕ್ಕೆ ತಾಗುತ್ತದೆ. ಕಳೆದ ಚಳಿಗಾಲದ ರಜೆಯಲ್ಲಿ ಆ ದಾರಿಯಾಗಿಯೇ ಹೆಂಡತಿ ಮತ್ತು ಎಂಟು ವರ್ಷದ ಮಗಳೊಡನೆ ಮಂಗಳೂರಿಗೆ ಹೋದೆ. ಮರುದಿನ ಮುಂಜಾನೆ, ವಿದೇಶೀ ಪ್ರವಾಸಿಗರ ಹಡಗೊಂದು ಬಂದರಿಗೆ ಬಂದಿದೆಯೆಂಬ ಸುದ್ದಿ ಕಾಫಿಯೊಡನೆಯೇ ದೊರೆಯಿತು.

ಪಣಂಬೂರಿನ ಈ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆನಿಸಿತು. ಎಣ್ಣೆ, ಕಲ್ಲಿದ್ದಲುಗಳ ಹಡಗುಗಳ ನಡುವೆ, ಮಳೆಗಾಲ ಕಳೆದ ತಿಂಗಳುಗಳಲ್ಲಿ ಪ್ರವಾಸಿಗರ ಹಡಗುಗಳೂ ಇಲ್ಲಿ ತಂಗುತ್ತವೆ. ಮುಂಜಾನೆ ಬಂದದ್ದು ಸಂಜೆಗೆ ಹೊರಟುಬಿಡುತ್ತದೆ. ಅಷ್ಟರೊಳಗೆ ಅತಿಥಿಗಳು ಬಸ್ಸುಗಳಲ್ಲಿ ಕುಳಿತು ಎಲ್ಲವನ್ನೂ ನೋಡಿಬರಬೇಕು: ಕದ್ರಿಯ ಗುಡಿ, ಅಲ್ಲಿಯ 968ರ ಲೋಕೇಶ್ವರನ ಕಂಚಿನ ವಿಗ್ರಹ, ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ-ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಆಮೇಲೆ ಮೂಡುಬಿದಿರೆ. ಸಾವಿರ ವರ್ಷಗಳನ್ನು ಒಂದು ಹಗಲಿನಲ್ಲಿ ಮುಗಿಸುವ ಈ ಆತುರಕ್ಕೆ ನಾನು ಒಳಗೊಳಗೇ ನಕ್ಕೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಈ ಊರಿನಿಂದಲೆಂದು ಇವರಿಗೆ ಹೇಳುವವರು ಯಾರು? ಕನ್ನಡ ಮೇಷ್ಟರ ಜಂಬ!

ಆ ಜಂಬ ಇಳಿದದ್ದು ಮೂಡುಬಿದಿರೆಯಲ್ಲಿ. ಮಂಗಳೂರಿನಿಂದ ಸುಮಾರು 35 ಕಿಲೋಮೀಟರು ದೂರದ, ಕವಿ ರತ್ನಾಕರವರ್ಣಿಯ ಊರು ಅದು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನಾವು ಹೊಕ್ಕಾಗ ಹಡಗಿನವರ ತಂಡವೂ ಅಲ್ಲಿತ್ತು. ಕಂಬಗಳ ಕೆತ್ತನೆಯಲ್ಲಿ ಒಂದು ಇನ್ನೊಂದರಂತಿಲ್ಲವೆಂಬುದು ಅಲ್ಲಿಯ ಹೆಗ್ಗಳಿಕೆ. ಊರುಗೋಲು ಹಿಡಿದ ವೃದ್ಧೆಯೊಬ್ಬರು ಒಂದೇ ಕಂಬದೆದುರು ನಿಂತು, ಅದರ ಬಳ್ಳಿಯ ಹೆಣಿಗೆಯನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಾರ್ಗದರ್ಶಿ ಎರಡು ಸಲ ಕರೆದರು. ಆಕೆ ಪಕ್ಕದ ಕಂಬವನ್ನು ನೋಡಿ, ಮತ್ತೆ ಮೊದಲಿನದಕ್ಕೇ ಬಂದರು. ನಾನಾದರೋ ಕಾಲು ಗಂಟೆಯಲ್ಲಿ ಬಸದಿಯನ್ನೆಲ್ಲ ಸುತ್ತಿ, ಮಗಳ ಫೋಟೋ ತೆಗೆದು, ಹೊರಡುವ ಸನ್ನಾಹದಲ್ಲಿದ್ದೆ.

ಆಗ ಮಗಳು ಕೇಳಿದಳು: “ಅಪ್ಪಾ, ನಮ್ಮೂರ ತಾರಕೇಶ್ವರ ಗುಡ್ಯಾಗ ಎಷ್ಟ ಕಂಬ ಅದಾವ?”

ನನಗೆ ತಿಳಿದಿರಲಿಲ್ಲ. ಚಾಳುಕ್ಯರ ಕಾಲದ ಶಿಲ್ಪವೆಂದು ತರಗತಿಯಲ್ಲಿ ಹತ್ತು ಸಲ ಹೇಳಿದ್ದೇನೆ; ಗುಡಿಯ ಮುಂದೆ ದಿನವೂ ಸೈಕಲ್ಲಿನಲ್ಲಿ ಹಾದುಹೋಗಿದ್ದೇನೆ. ಒಂದು ಹಗಲಿನ ಅತಿಥಿ ಒಂದು ಕಂಬಕ್ಕೆ ಕೊಟ್ಟಷ್ಟು ಹೊತ್ತನ್ನು ನಾನು ಹುಟ್ಟಿದೂರಿನ ಗುಡಿಗೆ ಕೊಟ್ಟಿರಲಿಲ್ಲ. “ಊರಿಗೆ ಹೋಗಿ ಎಣಿಸೋಣ” ಎಂದೆ. ಹೆಂಡತಿ ಮುಖ ತಿರುಗಿಸಿಕೊಂಡು ನಕ್ಕಳು.

ಸಂಜೆ ಪಣಂಬೂರಿನ ಮರಳಿನಲ್ಲಿ ಕುಳಿತು, ದೀಪ ಹೊತ್ತಿಸಿಕೊಂಡ ಹಡಗು ಕತ್ತಲೆಯಲ್ಲಿ ಕರಗುವವರೆಗೂ ನೋಡಿದೆವು.

ಹಾನಗಲ್ಲಿಗೆ ಮರಳಿದ ಮೊದಲ ಭಾನುವಾರ ಮೂವರೂ ಗುಡಿಗೆ ಹೋದೆವು. ಎಂಟು ಮೂಲೆಯ ಮಂಟಪದ ಮೇಲ್ಛಾವಣಿಯಿಂದ ಕಲ್ಲಿನ ತಾವರೆ ತಲೆಕೆಳಗಾಗಿ ಅರಳಿ ನಿಂತಿದೆ. ಕತ್ತೆತ್ತಿ ನೋಡಿ ನೋಡಿ ನೋವು ಬಂದು, ಕೊನೆಗೆ ನಾನು ನೆಲದ ಮೇಲೆಯೇ ಅಂಗಾತ ಮಲಗಿದೆ. ಎಸಳಿನೊಳಗೆ ಎಸಳು, ಸುತ್ತಿನೊಳಗೆ ಸುತ್ತು. ಮಗಳು ಎರಡು ಸಲ ಕಂಬಗಳನ್ನೆಣಿಸಿದಳು. ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂದಿತು.

ಮುಂದಿನ ಭಾನುವಾರ ಮತ್ತೆ ಎಣಿಸುವುದೆಂದು ಗೊತ್ತುಮಾಡಿದ್ದೇವೆ. ನಮ್ಮನ್ನು ಅವಸರಪಡಿಸುವ ಹಡಗಿನ ಕೂಗು ಇಲ್ಲಿಲ್ಲವಲ್ಲ!