ಗೋಪುರ ದರ್ಶನ

ಹೊಟ್ಟೆಪಾಡಿಗಾಗಿ ಮಾಡುವ ಕೆಲಸದಲ್ಲಿ ಮನುಷ್ಯನ ಸ್ವಭಾವವು ಅಷ್ಟಾಗಿ ಹೊರಬೀಳುವುದಿಲ್ಲ. ಯಾರೂ ಹೇಳದೆ, ಯಾರೂ ಕೂಲಿ ಕೊಡದೆ, ತಾನಾಗಿಯೇ ಹಚ್ಚಿಕೊಂಡ ಕೆಲಸದಲ್ಲಿ ಅದು ಪೂರ್ತಿಯಾಗಿ ಹೊರಬೀಳುವುದು. ಒಬ್ಬರು ಅಂಚೆಚೀಟಿಗಳನ್ನು ಕೂಡಿಸುವರು. ಇನ್ನೊಬ್ಬರು ಬೆಳಗಾಗುವ ಮುನ್ನ ಎದ್ದು ಹಕ್ಕಿಗಳನ್ನು ನೋಡಹೋಗುವರು. ಇವರನ್ನೆಲ್ಲ ಲೋಕವು ರಸಿಕರೆಂದು ಕರೆದು ಗೌರವಿಸುವುದು. ಆದರೆ ಮೊಬೈಲು ಕಂಪೆನಿಗಳು ನಿಲ್ಲಿಸಿರುವ ಕಬ್ಬಿಣದ ಗೋಪುರಗಳ ಬುಡದಲ್ಲಿ ನಿಂತು, ಕತ್ತೆತ್ತಿ, ಅದರ ಮೇಲೆ ಹೊಸದಾಗಿ ಏನು ತೂಗುಬಿದ್ದಿದೆಯೆಂದು ನೋಡಿ ಬರೆದಿಟ್ಟುಕೊಳ್ಳುವವನನ್ನು ಲೋಕವು ಏನೆಂದು ಕರೆಯಬೇಕೋ ತಿಳಿಯದೆ ಸುಮ್ಮನಿರುವುದು. ಆ ಪಂಗಡಕ್ಕೆ ಸೇರಿದವರಲ್ಲಿ ಈ ಲೇಖಕನೂ ಒಬ್ಬನು. ನಾವು ಕ್ಷೇತ್ರದರ್ಶನಕ್ಕೆ ಹೋದಾಗಲೆಲ್ಲ ನನ್ನ ಮನೆಯವರು ಹೇಳುವ ಮಾತೊಂದುಂಟು: "ಗುಡಿಯ ಗೋಪುರಕ್ಕೆ ಬೆನ್ನು ತಿರುಗಿಸಿ ಕಂಪೆನಿಯ ಗೋಪುರಕ್ಕೆ ಕಣ್ಣು ನೆಡುವವರು ಈ ಲೋಕದಲ್ಲಿ ನೀವೊಬ್ಬರೇ ಇರಬೇಕು." ಒಬ್ಬನೇ ಅಲ್ಲವೆಂಬುದೇ ನನ್ನ ಸಮಾಧಾನ. ಇಂಥವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ನೋಡುವುದಕ್ಕೆ ಅಲ್ಲಿ ಏನಿದೆಯೆಂದು ವಾಚಕರು ಕೇಳಬಹುದು. ಗುಡಿಯ ಗೋಪುರದಲ್ಲಿ ಬಲ್ಲವನಿಗೆ ಒಂದೊಂದು ನಿಲೆಯೂ ಕಥೆ ಹೇಳುವಂತೆ ಇಲ್ಲಿಯೂ ಹೇಳುವುದು. ತುದಿಯಲ್ಲಿ ಮೂರು ದಿಕ್ಕುಗಳಿಗೆ ಮುಖಮಾಡಿ ನಿಂತಿರುವ ಉದ್ದನೆಯ ಹಲಗೆಗಳೇ ಆಂಟೆನಾಗಳು. ಒಂದೊಂದು ಮುಖವು ಸುಮಾರು 120 ಅಂಶಗಳಷ್ಟು ಪ್ರದೇಶವನ್ನು ನೋಡಿಕೊಳ್ಳುವುದು. ನಗಾರಿಯಂತೆ ದುಂಡಗಿರುವವು ಈ ಗೋಪುರವು ಮತ್ತೊಂದು ಗೋಪುರದೊಡನೆ ಮಾತಾಡುವ ಸಾಧನಗಳು. ಬುಡದಲ್ಲಿ ಬ್ಯಾಟರಿಗಳ ಪೆಟ್ಟಿಗೆ. ಅನೇಕ ಕಡೆ ಡೀಸೆಲ್ ಯಂತ್ರ. 2022ನೆಯ ಅಕ್ಟೋಬರ್ 1 ರಂದು ನಮ್ಮ ದೇಶದಲ್ಲಿ 5ಜಿ ಸೇವೆಯು ಆರಂಭವಾದ ಮೇಲೆ, ಉದ್ದನೆಯ ಹಲಗೆಗಳ ನಡುವೆ ಗಿಡ್ಡಗೆ, ಅಗಲವಾಗಿ, ಬೆನ್ನಿನಲ್ಲಿ ಶಾಖವನ್ನು ಹೊರಹಾಕುವ ರೆಕ್ಕೆಗಳುಳ್ಳ ಪೆಟ್ಟಿಗೆಯೊಂದು ಕಾಣತೊಡಗಿತು. ಅದನ್ನು ಮೊದಲು ಕಂಡ ದಿನ ನಮ್ಮ ಪಂಗಡದವನಿಗೆ ಆಗುವ ಸಂತೋಷವು, ಅಪರೂಪದ ವಲಸೆಯ ಹಕ್ಕಿಯು ಊರ ಕೆರೆಗೆ ಬಂದಿಳಿದಾಗ ಪಕ್ಷಿಪ್ರಿಯನಿಗಾಗುವ ಸಂತೋಷಕ್ಕಿಂತ ಕಡಮೆಯದಲ್ಲ.

ಕಣ್ಣಿಗೆ ಕಾಣುವುದು ಇಷ್ಟು. ಕಾಣದಿರುವುದು ಇದಕ್ಕಿಂತ ಸ್ವಾರಸ್ಯವಾದುದು. ಈ ಗೋಪುರಗಳಿಂದ ಹೊರಡುವ ಅಲೆಗಳೆಲ್ಲವೂ ಬೆಳಕಿನ ವೇಗದಿಂದಲೇ ಹೋಗುವುವು. ಆದರೆ ಅವುಗಳ ನಿಡಿದು ಬೇರೆಬೇರೆ. 700 ಮೆಗಾಹರ್ಟ್ಸಿನ ಅಲೆಯು ಸುಮಾರು 43 ಸೆಂಟಿಮೀಟರು; 3300ರದು 9 ಸೆಂಟಿಮೀಟರು; 26 ಗಿಗಾಹರ್ಟ್ಸಿನದು ಒಂದು ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ನೀಳವಾದ ಅಲೆಯು ಗುಡ್ಡವನ್ನು ಬಳಸಿಕೊಂಡು, ಗೋಡೆಯನ್ನು ಹಾಯ್ದು, ದೂರದ ಹಳ್ಳಿಯನ್ನು ಮುಟ್ಟಬಲ್ಲುದು. ಆದರೆ ಅದರ ಪಟ್ಟಿಯು ಕಿರಿದಾದುದರಿಂದ ಹೊರೆ ಹೊರುವ ಶಕ್ತಿ ಅಲ್ಪ. ಗಿಡ್ಡವಾದ ಅಲೆಗಳ ಪಟ್ಟಿಯು ವಿಶಾಲ, ಹೊರೆಯು ಅಪಾರ. ಆದರೆ ಒದ್ದೆಯಾದ ಎಲೆಗಳೇ ಅದಕ್ಕೆ ಅಡ್ಡಿ. ಪೇಟೆಯ ಬೀದಿಯಲ್ಲಿ ಪ್ರತಾಪ ತೋರುವ ಅಲೆಯು ಮಲೆನಾಡಿನ ಮಳೆಗಾಲದಲ್ಲಿ ಅಡಕೆಯ ತೋಟದೊಳಕ್ಕೆ ಕಾಲಿಡಲಾರದು.

ಇದು ವಿದೇಶದಿಂದ ನಿನ್ನೆ ಮೊನ್ನೆ ಬಂದಿಳಿದ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. 1895ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ಅದೃಶ್ಯ ತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ, ದೂರದಲ್ಲಿ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದರು. ಅವರು ಪ್ರಯೋಗಗಳಲ್ಲಿ ಬಳಸಿದ ಅಲೆಗಳು ಕೆಲವೇ ಮಿಲಿಮೀಟರುಗಳಷ್ಟು ಗಿಡ್ಡವಾದುವು. ಇಂದು 26 ಗಿಗಾಹರ್ಟ್ಸಿನ ಪಟ್ಟಿಯನ್ನು ಕೊಂಡ ಕಂಪೆನಿಗಳು ಅದೇ ನೆರೆಹೊರೆಗೆ ಬಂದು ಸೇರಿವೆ. ನಮ್ಮ ನಾಡಿನ ಮಾತು ಹೇಳುವುದಾದರೆ, 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕವೊಂದನ್ನು ಇಟ್ಟು ಬಾನುಲಿಯನ್ನು ಆರಂಭಿಸಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡಿಯ ಭಾರತದ ರೇಡಿಯೋವಿನ ಹೆಸರಾಯಿತು. ಅವರ ವೃತ್ತಿ ಬೇರೆ, ಹವ್ಯಾಸ ಬೇರೆ. ಹವ್ಯಾಸವೇ ನಾಡಿಗೆ ಒಂದು ಸಂಸ್ಥೆಯನ್ನು ಕೊಟ್ಟಿತು.

ಆಕಾಶವು ಎಲ್ಲರದೆಂದು ಹಿರಿಯರು ಹೇಳಿದರು. ಈಗ ಅದನ್ನು ಪಟ್ಟಿಪಟ್ಟಿಯಾಗಿ ಅಳೆದು ಹರಾಜು ಹಾಕುವರು. ನಮ್ಮ ದೇಶದ ಮೊದಲ ಮೊಬೈಲು ಕರೆಯು 1995ನೆಯ ಜುಲೈ 31 ರಂದು ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಹಂಚಿಕೆಯಲ್ಲಿ ಅಕ್ರಮ ನಡೆಯಿತೆಂದು ಸರ್ವೋಚ್ಚ ನ್ಯಾಯಾಲಯವು 2012ನೆಯ ಫೆಬ್ರವರಿ 2 ರಂದು 122 ಲೈಸೆನ್ಸುಗಳನ್ನು ಒಟ್ಟಿಗೆ ರದ್ದುಮಾಡಿತು. ದೂರದ ಹಳ್ಳಿಗಳಿಗೆ ಅತ್ಯಂತ ಯೋಗ್ಯವಾದ 700ರ ಪಟ್ಟಿಯನ್ನು 2016ರಲ್ಲಿ ಹರಾಜಿಗಿಟ್ಟಾಗ, ಬೆಲೆ ಹೆಚ್ಚೆಂದು ಒಬ್ಬರೂ ಕೊಳ್ಳಲಿಲ್ಲ. 2021ರಲ್ಲಿಯೂ ಹಾಗೆಯೇ ಆಯಿತು. 2022ರಲ್ಲಿ ಒಂದೇ ಒಂದು ಕಂಪೆನಿ ಅದನ್ನು ಕೊಂಡಿತು; ಆ ವರ್ಷದ ಹರಾಜಿನ ಒಟ್ಟು ಮೊತ್ತ ಸುಮಾರು 1,50,173 ಕೋಟಿ ರೂಪಾಯಿ. ದಿಲ್ಲಿಯಲ್ಲಿ ಕೂಗಿದ ಬೆಲೆಗೂ, ಗುಡ್ಡದ ಹಿಂದಿನ ಮನೆಯಲ್ಲಿ ಮಗಳ ಧ್ವನಿ ಕೇಳುವುದೋ ಇಲ್ಲವೋ ಎಂಬುದಕ್ಕೂ ಇರುವ ಸಂಬಂಧವನ್ನು ಕಾಣುವುದೇ ಈ ಹವ್ಯಾಸದ ಮೊದಲನೆಯ ಲಾಭ.

ಇದಕ್ಕೆ ಬೇಕಾದ ಉಪಕರಣವು ಎಲ್ಲರ ಜೇಬಿನಲ್ಲಿಯೂ ಇದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಎಂದು ಒತ್ತಿದರೆ ಒಳಗಿನ ಲೆಕ್ಕದ ಪುಟವೊಂದು ತೆರೆಯುವುದು. ಅಲ್ಲಿ ಕಾಣುವ ಮೊದಲ ಅಂಕೆಗಳು ದೇಶವನ್ನೂ ಕಂಪೆನಿಯನ್ನೂ ಹೇಳುವುವು. 404-71 ಎಂದಿದ್ದರೆ ಕರ್ನಾಟಕದ ಬಿ.ಎಸ್.ಎನ್.ಎಲ್. 4ಜಿ ಕೋಶದ ದೊಡ್ಡ ಸಂಖ್ಯೆಯನ್ನು 256 ರಿಂದ ಭಾಗಿಸಿದರೆ ಭಾಗಲಬ್ಧವು ಗೋಪುರದ ಗುರುತು, ಶೇಷವು ಅದರ ಮುಖದ ಗುರುತು. ಸಂಕೇತದ ಬಲವನ್ನು ಋಣಸಂಖ್ಯೆಯಲ್ಲಿ ಬರೆದಿರುವರು: -80 ಎಂಬುದು ಸುಖ, -110 ಎಂಬುದು ಸಂಕಟ. ಇವೆರಡರ ನಡುವೆ ಮೂವತ್ತೇ ಅಂತರವೆಂದು ಮೋಸಹೋಗಬಾರದು. ಎರಡನೆಯದು ಮೊದಲನೆಯದರ ಸಾವಿರದಲ್ಲಿ ಒಂದು ಪಾಲು ಮಾತ್ರ. ಹೀಗೆ ಜನರು ತಿರುಗಾಡುತ್ತ ಕೂಡಿಸಿದ ಅಂಕೆಗಳಿಂದ 'ಸೆಲ್‌ಮ್ಯಾಪರ್' ಎಂಬ ನಕ್ಷೆಯು ಬೆಳೆದಿದೆ. ನಮ್ಮ ಸರಕಾರವೂ 2017ರಲ್ಲಿ 'ತರಂಗ ಸಂಚಾರ' ಎಂಬ ಹೆಸರಿನಿಂದ ಗೋಪುರಗಳ ವಿವರವನ್ನು ಜನರೆದುರು ತೆರೆದಿಟ್ಟಿತು.

ಇಷ್ಟರವರೆಗೆ ವಿನೋದದ ಮಾತಾಯಿತು. ಇನ್ನು ಹೇಳತಕ್ಕದ್ದು ವಿನೋದವಲ್ಲ.

ನನ್ನ ಅಕ್ಕನ ಮನೆಯು ಶರಾವತಿಯ ಹಿನ್ನೀರಿನ ಆಚೆಯ ದಂಡೆಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ನಿಂತಾಗ ನಾಡಿಗೆಲ್ಲ ಬೆಳಕು ಬಂದಿತು. ಆ ಬೆಳಕಿಗಾಗಿ ಹೊಲಮನೆಗಳನ್ನು ಮುಳುಗಿಸಿಕೊಂಡವರಲ್ಲಿ ಭಾವನವರ ಮನೆತನವೂ ಒಂದು. ಅಂಥ ಸೀಮೆಯಲ್ಲಿಯೇ ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತಿರುವುದಿಲ್ಲವೆಂಬುದು ವಿಧಿಯ ಪರಿಹಾಸ್ಯ. 2020-21ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿನಲ್ಲಿ ನಡೆದಾಗ ಅಲ್ಲಿಯ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಕುಳಿತರು. 2021ರಲ್ಲಿ ಮಲೆನಾಡಿನ ಅನೇಕ ಹಳ್ಳಿಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ಸಾರಿದರು. ಅಕ್ಕನ ಮನೆಯಲ್ಲಿ ಅಂಗಳದ ತುದಿಯ ಕಲ್ಲೊಂದರ ಬಳಿ ಮಾತ್ರ ಸಂಕೇತವು ಸಿಕ್ಕುತ್ತಿತ್ತು. ಅದಕ್ಕೆ ಊರವರು ಮಾತಿನ ಕಲ್ಲೆಂದು ಹೆಸರಿಟ್ಟಿದ್ದರು.

2022ರ ಮಳೆಗಾಲದ ಮೊದಲಿನಲ್ಲಿ ನಾನು ನನ್ನದೊಂದು ಹಳೆಯ ಫೋನನ್ನು ಅಂಗಳದ ಕಡೆಯ ಕಿಟಕಿಯಲ್ಲಿ ಇಟ್ಟು ಬಂದೆನು. ಅದು ಕಾಲುಗಂಟೆಗೊಮ್ಮೆ ಗೋಪುರದ ಇರವನ್ನು ತಾನಾಗಿ ಬರೆದಿಟ್ಟುಕೊಳ್ಳುತ್ತಿತ್ತು. ಅಕ್ಕನು ಇದನ್ನು ನೋಡಿ, "ತಮ್ಮಾ, ನಿನ್ನ ಯಂತ್ರ ಗೋಪುರದ ಲೆಕ್ಕ ಬರೆಯಲಿ, ಕರೆಂಟಿನ ಲೆಕ್ಕ ನಾನು ಬರೆಯುತ್ತೇನೆ" ಎಂದು, ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ದೀಪ ಆರಿದ ಹೊತ್ತನ್ನು ಪೆನ್ಸಿಲಿನಿಂದ ಗುರುತಿಸತೊಡಗಿದಳು. ಎರಡು ಲೆಕ್ಕಗಳನ್ನೂ ಜೋಡಿಸಿ ನೋಡಿದಾಗ ಒಂದು ಸಂಗತಿಯು ಸ್ಪಷ್ಟವಾಯಿತು. ಜೂನ್ ತಿಂಗಳಲ್ಲಿ ವಿದ್ಯುತ್ತು ಹೋದ ಮೇಲೆ ಗೋಪುರವು ಎರಡು ಗಂಟೆಗಳವರೆಗೆ ಜೀವ ಹಿಡಿದಿರುತ್ತಿತ್ತು. ಜುಲೈ ಮುಗಿಯುವ ವೇಳೆಗೆ ಮುಕ್ಕಾಲು ಗಂಟೆಗೆ ಇಳಿದಿತ್ತು. ಬುಡದ ಬ್ಯಾಟರಿಗಳು ಸವೆದು ಸಾಯುತ್ತಿದ್ದವು.

ಆಗಸ್ಟ್ ತಿಂಗಳ ಒಂದು ಸಂಜೆ ಆರು ಗಂಟೆಗೆ ದೀಪ ಆರಿತು. ಏಳಕ್ಕೆ ಮೊದಲೇ ಗೋಪುರವು ಮೌನವಾಯಿತು. ಒಂಬತ್ತು ಗಂಟೆಗೆ ಊಟಕ್ಕೆ ಕುಳಿತ ಭಾವನವರ ಬಲಗೈ ಜಾರಿತು, ಮಾತು ತೊದಲಿತು. ಅಕ್ಕನು ಮಳೆಯಲ್ಲಿ ನೆನೆಯುತ್ತ ಮಾತಿನ ಕಲ್ಲಿನ ಬಳಿ ನಿಂತು 108ನ್ನು ಒತ್ತಿಯೇ ಒತ್ತಿದಳು, ಕಲ್ಲು ಮಾತಾಡಲಿಲ್ಲ. ನೆರೆಮನೆಯ ಹುಡುಗನು ಮರ ಬಿದ್ದ ದಾರಿಯಲ್ಲಿ ಬೈಕನ್ನು ದೂಡಿಕೊಂಡು ಹೋಗಿ ಬೇರೊಂದು ಗೋಪುರವು ಕಾಣುವ ದಿಣ್ಣೆಯನ್ನೇರಿ ಕರೆಮಾಡಿದನು. ಭಾವನವರು ಶಿವಮೊಗ್ಗೆಯ ಆಸ್ಪತ್ರೆಯನ್ನು ಸೇರಿದಾಗ ರಾತ್ರಿ ಮೂರು ಗಂಟೆ. ಮೆದುಳಿನ ರಕ್ತದ ಗರಣೆಯನ್ನು ಕರಗಿಸುವ ಮದ್ದನ್ನು ರೋಗವು ತೋರಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ನಿಯಮ. ಆರು ಗಂಟೆ ಕಳೆದಿತ್ತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ನಾವು ಅಳುತ್ತ ಕೂರಲಿಲ್ಲ. ಫೋನಿನ ಲೆಕ್ಕವನ್ನೂ ಕ್ಯಾಲೆಂಡರಿನ ಲೆಕ್ಕವನ್ನೂ ಎದುರುಬದುರಾಗಿ ಬರೆದು, ತಾರೀಖು ಗಂಟೆಗಳ ಸಹಿತ ಅರ್ಜಿಯೊಂದನ್ನು ಸಿದ್ಧಗೊಳಿಸಿದೆವು. ಊರವರೆಲ್ಲ ಸಹಿ ಹಾಕಿದರು. ಭಾವನವರು ಎಡಗೈಯಲ್ಲಿ ಪೆನ್ನು ಹಿಡಿದು, "ಅಕ್ಷರ ಸೊಟ್ಟಗಾದರೇನು, ಹೆಸರು ನನ್ನದೇ ತಾನೆ" ಎಂದು ತಡೆತಡೆದು ನುಡಿದು ಮೊದಲ ಸಾಲಿನಲ್ಲಿಯೇ ಬರೆದರು. ಹಿಂದೆ ಎಷ್ಟೋ ಸಲ 'ನೆಟ್‌ವರ್ಕ್ ಸರಿಯಿಲ್ಲ'ವೆಂದು ದೂರಿದಾಗ ಪರಿಶೀಲಿಸುವೆವೆಂಬ ಉತ್ತರವಷ್ಟೇ ಬಂದಿತ್ತು. ಇಂಥ ದಿನ, ಇಷ್ಟು ನಿಮಿಷಕ್ಕೆ, ಇಂಥ ಗುರುತಿನ ಗೋಪುರವು ನಿಂತಿತೆಂದು ಬರೆದ ಕಾಗದಕ್ಕೆ ಮಾತ್ರ ಒಬ್ಬ ಇಂಜಿನಿಯರರೇ ಜೀಪಿನಲ್ಲಿ ಬಂದರು. 2023ರ ಬೇಸಗೆಯಲ್ಲಿ ಹೊಸ ಬ್ಯಾಟರಿಗಳು ಬಂದವು. ಆ ವರ್ಷದ ಮಳೆಯಲ್ಲಿ ಗೋಪುರವು ವಿದ್ಯುತ್ತಿಲ್ಲದೆ ಆರು ಗಂಟೆಗಳ ಕಾಲ ನಿಂತುದನ್ನು ಅಕ್ಕನ ಪೆನ್ಸಿಲು ದಾಖಲಿಸಿದೆ. ಇದು ಅರ್ಜಿಯ ಫಲವೋ, ಬ್ಯಾಟರಿಗಳ ಸರದಿಯೇ ಬಂದಿತ್ತೋ ಎಂಬ ಚರ್ಚೆಯು ಊರಿನ ಕಟ್ಟೆಯ ಮೇಲೆ ಇನ್ನೂ ಮುಗಿದಿಲ್ಲ.

ಈ ವಿಷಯದಲ್ಲಿ ಮತ್ತೊಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ಗೋಪುರಕ್ಕೆ ಹೊಸದೊಂದು ಬಂದಿತೆಂದರೆ ಹಳೆಯದೊಂದು ಹೋಗುವುದೆಂದೂ ಅರ್ಥವುಂಟು. ಆಕಾಶದ ಪಟ್ಟಿಯು ಹೊಲದಂತೆ. ಕಬ್ಬು ಬೆಳೆಯಬೇಕಾದರೆ ರಾಗಿಯನ್ನು ಕೀಳಬೇಕು. ಅಮೆರಿಕದ ದೊಡ್ಡ ಕಂಪೆನಿಯೊಂದು 2ಜಿಯನ್ನು 2017ರ ಮೊದಲ ದಿನಕ್ಕೆ, 3ಜಿಯನ್ನು 2022ರಲ್ಲಿ ನಿಲ್ಲಿಸಿತು. ಆಸ್ಟ್ರೇಲಿಯದಲ್ಲಿ 2024ರ ಅಕ್ಟೋಬರಿನಲ್ಲಿ 3ಜಿ ನಿಂತಾಗ, ನೋಡುವುದಕ್ಕೆ ಹೊಸದಾದ ಕೆಲವು ಫೋನುಗಳಿಗೂ ತುರ್ತುಕರೆಯ ಸಾಮರ್ಥ್ಯವಿಲ್ಲವೆಂದು ಕಂಡುಬಂದು, ಅವುಗಳನ್ನು ಜಾಲದಿಂದಲೇ ಹೊರಗಿಡಬೇಕಾಯಿತು. ಅಕ್ಕನದು ಗುಂಡಿಯೊತ್ತುವ ಹಳೆಯ ಫೋನು. ಕತ್ತಲೆಯಲ್ಲಿಯೂ ಅವಳ ಬೆರಳಿಗೆ ಅದರ ಅಂಕೆಗಳು ಗೊತ್ತು. ಅದು ನಂಬಿರುವುದು 2ಜಿಯನ್ನು. ಆ ಪಟ್ಟಿಯು ನಮ್ಮ ಸೀಮೆಯಲ್ಲಿ ಕಿರಿದಾಗತೊಡಗಿದರೆ ಅದನ್ನು ಮೊದಲು ಅರಿಯುವವನು ಅಂಕೆಗಳನ್ನು ನೋಡುತ್ತಿರುವವನೇ. ಆತನು ಊರಿನ ಮುದುಕರಿಗೆ ಆರು ತಿಂಗಳು ಮುಂಚೆ ತಿಳಿಸಬಲ್ಲನಾದರೆ, ಅವನ ಚಟವು ಚಟವಾಗಿ ಉಳಿಯುವುದಿಲ್ಲ.

ಗೋಪುರದ ಅಲೆಗಳಿಂದ ಕೇಡಾಗುವುದಿಲ್ಲವೇ ಎಂದು ಕೇಳುವವರೂ ಉಂಟು. ಈ ಅಲೆಗಳು ಕ್ಷಕಿರಣಗಳಂತೆ ಅಣುಗಳನ್ನು ಒಡೆಯುವ ಜಾತಿಯವಲ್ಲ. 2012ನೆಯ ಸೆಪ್ಟೆಂಬರ್ 1 ರಿಂದ ನಮ್ಮ ಸರಕಾರವು ಗೋಪುರಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದಕ್ಕೆ ತಗ್ಗಿಸಿತು. ಗೋಪುರವು ದೂರವಾದಷ್ಟೂ ಕಿವಿಯ ಬಳಿಯ ಫೋನೇ ಹೆಚ್ಚು ಬಲದಿಂದ ಕೂಗಬೇಕಾಗುವುದೆಂಬುದನ್ನೂ ಅಂಥವರು ಗಮನಿಸಬೇಕು. ಹಿನ್ನೀರಿನ ದಂಡೆಯವರಿಗೆ ಇರುವ ಭಯ ಮಾತ್ರ ಬೇರೆ: ಗೋಪುರವಿದೆಯೆಂಬುದಲ್ಲ, ಅದು ಬೇಕಾದ ಹೊತ್ತಿಗೆ ಮೌನವಾಗುವುದೆಂಬುದು.

ವಾಚಕರಲ್ಲಿ ನನ್ನದೊಂದು ಬಿನ್ನಹ. ಎಲ್ಲರೂ ಗೋಪುರದ ಬುಡದಲ್ಲಿ ಕತ್ತೆತ್ತಿ ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಅದಕ್ಕೆ ನನ್ನಂಥವರು ಸಾಕಷ್ಟಿದ್ದಾರೆ. ಆದರೆ ತಮ್ಮ ಹಳ್ಳಿಯ ಮನೆಗಳಲ್ಲಿ ವಯಸ್ಸಾದವರು ಇದ್ದರೆ, ಈ ಮಳೆಗಾಲದಲ್ಲಿ ದೀಪ ಆರಿದ ಗಂಟೆಯನ್ನೂ ಫೋನು ಸುಮ್ಮನಾದ ಗಂಟೆಯನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವಂತೆ ಅವರಿಗೆ ಹೇಳಿರಿ. ಒಂದು ಪೆನ್ಸಿಲಿನ ಬೆಲೆ ಹತ್ತು ರೂಪಾಯಿಯನ್ನು ಮೀರದು.