ಹಿಂದಕ್ಕೆ ಪಡೆದ ರುಜು

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿ ಬೆಳೆದ ನಮ್ಮಂಥವರ ನಾಲಗೆಗೆ ಷೇರು, ನಿರ್ದೇಶಕ ಮಂಡಳಿ, ದಾವೆ ಎಂಬ ಮಾತುಗಳು ಸುಲಭವಾಗಿ ಒಗ್ಗುವುದಿಲ್ಲ. ಆದರೂ ನಮ್ಮ ತೀರ್ಥರೂಪರು ಲಿಂಗೈಕ್ಯರಾದ ಮೇಲೆ ಅವರ ಟ್ರಂಕಿನಲ್ಲಿ ಪಂಚಾಂಗಗಳ ಅಡಿಯಲ್ಲಿ ಕೆಲವು ಷೇರು ಪತ್ರಗಳು ದೊರೆತವು. ಕೃಷ್ಣರಾಜಪುರದ ಆಚೆ ಬಂಧುಗಳೂ ಪರಿಚಿತರೂ ಕೂಡಿ ಕಟ್ಟಿದ ಯಂತ್ರಭಾಗಗಳ ಚಿಕ್ಕ ಕಾರ್ಖಾನೆಯವು ಅವು. ಷೇರುದಾರರು ಒಟ್ಟು 70 ಮಂದಿ. ವರ್ಷಕ್ಕೊಂದು ಸಭೆ, ಉಪ್ಪಿಟ್ಟು, ಕಾಫಿ, ಸಣ್ಣದೊಂದು ಲಾಭಾಂಶ. ಇಷ್ಟರಲ್ಲಿಯೇ ನಾವು ತೃಪ್ತರಾಗಿದ್ದೆವು.

2018ರ ಸಭೆಯಲ್ಲಿ ಲೆಕ್ಕಪತ್ರ ತಿರುವುತ್ತಿದ್ದ ಒಬ್ಬರು ಎದ್ದು ನಿಂತು ಪ್ರಶ್ನೆ ಕೇಳಿದರು. ಕಂಪನಿಯ ನಿವೇಶನದ ಒಂದು ಭಾಗವನ್ನು ಹಿರಿಯ ನಿರ್ದೇಶಕರು ತಮ್ಮ ಮಗನ ಸಂಸ್ಥೆಗೆ ಅತ್ಯಲ್ಪ ಬಾಡಿಗೆಗೆ ಕೊಟ್ಟಿದ್ದರು. ಆ ನಿರ್ದೇಶಕರು ನಮ್ಮ ಮನೆಯವರ ಸೋದರಮಾವ. ಉತ್ತರ ಬರಲಿಲ್ಲ, ಕಾಫಿ ಬಂತು.

ಮರುವಾರ ಏಳು ಮಂದಿ ಹಲಸೂರಿನಲ್ಲಿ ಒಬ್ಬರ ಮನೆಯಲ್ಲಿ ಸೇರಿದೆವು. ನಷ್ಟವಾದ ಬಾಡಿಗೆಯನ್ನು ವಸೂಲು ಮಾಡಲು ಕಂಪನಿಯೇ ಆ ನಿರ್ದೇಶಕರ ಮೇಲೆ ದಾವೆ ಹೂಡಬೇಕು, ಹೂಡದಿದ್ದರೆ ನಾವೇ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗಲು ಒಪ್ಪಿದ್ದೇವೆ ಎಂದು ಪತ್ರ ಸಿದ್ಧವಾಯಿತು. ವಿದ್ಯಾವಂತರೆಂಬ ಗೌರವದಿಂದ ಮೊದಲ ರುಜು ನಮ್ಮದಾಯಿತು.

ಇನ್‌ಫೆಂಟ್ರಿ ರಸ್ತೆಯ ವಕೀಲರು ಅಂದು ತಿಳಿಸಿದ ಒಂದು ವಿಷಯ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಇಂಗ್ಲೆಂಡಿನಲ್ಲಿ 1843ರಲ್ಲಿ ಫಾಸ್ ಮತ್ತು ಹಾರ್ಬಾಟಲ್ ಎಂಬುವರ ನಡುವಿನ ಮೊಕದ್ದಮೆ ತೀರ್ಮಾನವಾಯಿತು. ಮ್ಯಾಂಚೆಸ್ಟರಿನಲ್ಲಿ ವಿಕ್ಟೋರಿಯಾ ಪಾರ್ಕ್ ಎಂಬ ಬಡಾವಣೆ ಮಾಡಲು ಹೊರಟ ಕಂಪನಿಯ ನಿರ್ದೇಶಕರು ತಮ್ಮದೇ ಜಮೀನನ್ನು ಹೆಚ್ಚಿನ ಬೆಲೆಗೆ ಕಂಪನಿಗೇ ಮಾರಿದರೆಂಬುದು ಇಬ್ಬರು ಷೇರುದಾರರ ದೂರು. ನ್ಯಾಯಾಲಯವು, ಅನ್ಯಾಯವಾಗಿದ್ದರೆ ಅದು ಕಂಪನಿಗೆ ಆದದ್ದು, ಕಂಪನಿಯೇ ಕೇಳಬೇಕು ಎಂದಿತು. ಆದರೆ ತಪ್ಪಿತಸ್ಥರ ಕೈಯಲ್ಲಿಯೇ ಕಂಪನಿಯಿದ್ದರೆ ಕೇಳುವವರು ಯಾರು? ಅಂಥ ವೇಳೆ ಷೇರುದಾರನು ಕಂಪನಿಯ ಪರವಾಗಿ ನಿಲ್ಲಬಹುದೆಂಬ ಅಪವಾದವೂ ಬೆಳೆದು ಬಂತು. ಗೆದ್ದರೆ ಹಣ ಕಂಪನಿಗೆ ಸೇರುತ್ತದೆ, ಹೋರಾಡಿದವನ ಜೇಬಿಗಲ್ಲ. ಬಾಯಿಲ್ಲದ ಒಂದು ವ್ಯಕ್ತಿಗೆ ಬಾಯಾಗುವ ಈ ಏರ್ಪಾಡು ನಮಗೆ ಹಿಡಿಸಿತು.

ಹಿಡಿಸಿದ್ದು ಹದಿನೈದು ದಿನ ಮಾತ್ರ. ಒಂದು ಸಂಜೆ ಮಾವನವರು ಇಂದಿರಾನಗರದ ನಮ್ಮ ಮನೆಗೆ ಬಂದರು. ಷೇರಿಗೆ ಒಳ್ಳೆಯ ಬೆಲೆ ಕೊಡುವೆನೆಂದರು. ನಾವು ಒಲ್ಲೆವೆಂದೆವು. ಆಗ ಅವರು ಹಣದ ಮಾತು ಬಿಟ್ಟು, “ಶಾಸ್ತ್ರಿಗಳೇ, ನಿಮ್ಮ ಮಗಳ ಮದುವೆಗೆ ಮುಂದೆ ನಿಂತು ಓಡಾಡಿದವನು ನಾನು” ಎಂದರು. ಅದು ನಿಜ. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ಹಣಕ್ಕೆ ಬಗ್ಗದ ನಾವು ಮುಲಾಜಿಗೆ ಬಗ್ಗಿದೆವು. ಬೇಡಿಕೆಯಿಂದಲೂ ಒಪ್ಪಿಗೆಯಿಂದಲೂ ಹಿಂದೆ ಸರಿದಿದ್ದೇವೆಂದು ನಾಲ್ಕು ಸಾಲು ಬರೆದುಕೊಟ್ಟೆವು. ಉಳಿದ ಆರು ಮಂದಿಗೆ ತಿಳಿಸಲಿಲ್ಲ.

ಅವರಿಗೆ ಕಂಪನಿಯೇ ತಿಳಿಸಿತು. ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಬಸ್ಸು ಹಿಡಿದು ಮನೆಗೆ ಬಂದರು. ಜಗಳವಾಡಲಿಲ್ಲ. “ನೀವು ಹಾಕಿದ್ರಿ ಅಂತ ನಾನೂ ಹಾಕ್ದೆ ಸ್ವಾಮಿ. ತೆಗೆಯೋವಾಗ ಯಾಕೆ ಹೇಳ್ಲಿಲ್ಲ?” ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನವೇ ವಕೀಲರಲ್ಲಿಗೆ ಹೋದೆವು. ಒಬ್ಬ ಹಿಂದೆ ಸರಿದರೆ ಏನಾದೀತು ಎಂಬುದು ನಮ್ಮ ವಾದ. ಅವರು ಬೆರಳು ಮಡಿಸಿ ತೋರಿಸಿದರು. 2013ರ ಕಂಪನಿ ಕಾಯಿದೆಯ 244ನೆಯ ಕಲಮಿನ ಪ್ರಕಾರ ನಮ್ಮಂಥ ಕಂಪನಿಯಲ್ಲಿ ಒಟ್ಟು ಸದಸ್ಯರ ಹತ್ತನೆಯ ಒಂದು ಪಾಲಾದರೂ ಸೇರಬೇಕು, ಇಲ್ಲವೆ ಷೇರು ಬಂಡವಾಳದ ಹತ್ತನೆಯ ಒಂದು ಪಾಲಾದರೂ ಅರ್ಜಿದಾರರ ಕೈಯಲ್ಲಿರಬೇಕು. ಬಂಡವಾಳದ ಲೆಕ್ಕದಲ್ಲಿ ನಾವೆಲ್ಲ ಬಡವರು. ತಲೆಯೆಣಿಕೆಯಲ್ಲಿ 70ಕ್ಕೆ 7. ನಾವು ಹೋದರೆ ಆರು. ವಿನಾಯಿತಿ ಕೊಡುವ ಅಧಿಕಾರ ನ್ಯಾಯಮಂಡಳಿಗೆ ಉಂಟು, ಆದರೆ ಅದನ್ನು ಬೇರೆಯಾಗಿ ಬೇಡಬೇಕು.

ರಾಜಮಹೇಂದ್ರಿಯ ವಿದ್ಯುತ್ ಸರಬರಾಜು ಕಂಪನಿಯ ಮೊಕದ್ದಮೆಯನ್ನೂ ಅವರು ಹೇಳಿದರು. ಅಲ್ಲಿ ಒಪ್ಪಿಗೆ ಕೊಟ್ಟವರಲ್ಲಿ 13 ಮಂದಿ ಆಮೇಲೆ ಹಿಂದೆ ಸರಿದರೆಂದು ಎದುರು ಪಕ್ಷದವರು ವಾದಿಸಿದ್ದರು. ಅರ್ಜಿ ಸಲ್ಲಿಸಿದ ದಿನ ಅದು ಕ್ರಮಬದ್ಧವಾಗಿದ್ದರೆ ಆಮೇಲಿನ ಘಟನೆಗಳಿಂದ ಅದು ಕೆಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1956ರಲ್ಲಿ ಹೇಳಿತು. ನಮಗೆ ಸಮಾಧಾನವಾಗುವಷ್ಟರಲ್ಲಿ ವಕೀಲರು, “ನಿಮ್ಮ ಅರ್ಜಿ ಇನ್ನೂ ಸಲ್ಲಿಕೆಯಾಗಿಲ್ಲವಲ್ಲ ಬುದ್ಧಿ” ಎಂದರು. ಮಾವನವರು ಬಂದ ವೇಳೆಯ ಮರ್ಮ ಆಗ ತಿಳಿಯಿತು. ಸಲ್ಲಿಕೆಯಾದ ಮೇಲಾದರೋ 241ನೆಯ ಕಲಮಿನ ಅರ್ಜಿಯನ್ನು ನ್ಯಾಯಮಂಡಳಿಯ ಅನುಮತಿಯಿಲ್ಲದೆ ವಾಪಸು ಪಡೆಯುವಂತಿಲ್ಲವೆಂದು 2016ರ ನಿಯಮಾವಳಿಯಲ್ಲಿಯೇ ಇದೆ. ಹಲವರ ಪರವಾಗಿ ಹೂಡಿದ ಸಿವಿಲ್ ದಾವೆಯನ್ನೂ ಸಂಬಂಧಪಟ್ಟ ಎಲ್ಲರಿಗೂ ನೋಟೀಸು ಕೊಡದೆ ಹಿಂತೆಗೆಯಲಾಗದು. ನಾಲ್ಕು ಸಾಲು ಬರೆದು ಕೊಟ್ಟುಬಿಡುವ ಸ್ವಾತಂತ್ರ್ಯ ನಮಗೆ ಇದ್ದದ್ದು ಆ ಹದಿನೈದು ದಿನಗಳಲ್ಲಿ ಮಾತ್ರ, ಅದನ್ನೇ ನಾವು ಬಳಸಿದ್ದೆವು.

ಅಂದೇ ಶಿವಾಜಿನಗರದ ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಎರಡನೆಯ ಪತ್ರ ಹಾಕಿದೆವು. ಹಿಂತೆಗೆದ ಮಾತನ್ನು ಹಿಂತೆಗೆದಿದ್ದೇವೆ ಎಂಬುದು ಅದರ ಸಾರ. ವ್ಯಾಕರಣಕ್ಕೆ ಅದು ಚೆಂದದ ವಾಕ್ಯವಲ್ಲ.

ಏಳು ಮಂದಿ ಮತ್ತೆ ಒಂದಾದುದನ್ನು ಕಂಡು ಮಂಡಳಿ ಮಾತುಕತೆಗೆ ಬಂತು. ಹೊರಗಿನ ಮೌಲ್ಯಮಾಪಕರು ಬಾಡಿಗೆ ಗೊತ್ತುಮಾಡಿದರು. 2019ರಲ್ಲಿ ವ್ಯತ್ಯಾಸದ ಹಣ ಎರಡು ಕಂತಿನಲ್ಲಿ ಕಂಪನಿಯ ಖಾತೆಗೆ ಬಂತು. ಇನ್ನು ಬೇಡಿಕೆಯನ್ನು ನಿಜವಾಗಿಯೇ ಹಿಂತೆಗೆಯಬೇಕಿತ್ತು. ‘ಆರೋಪ ನಿರಾಧಾರವಾದ್ದರಿಂದ’ ಎಂಬ ಮಾತಿರಲೆಂದು ಮಾವನವರು ಪಟ್ಟು ಹಿಡಿದರು. ಇಡೀ ಮಧ್ಯಾಹ್ನ ಆ ಒಂದು ಪದಕ್ಕೆ ಹೋಯಿತು. ಹಿರಿಯರನ್ನು ನೋಯಿಸುವ ಇಚ್ಛೆ ಯಾರಿಗೂ ಇರಲಿಲ್ಲ. ಆದರೂ ನಾವು ‘ಬೇಡಿಕೆ ಈಡೇರಿದ್ದರಿಂದ’ ಎಂದೇ ಬರೆದೆವು. ಈ ಸಲ ಕೊನೆಯ ರುಜು ನಮ್ಮದಾಗಲೆಂದು ಕೇಳಿಕೊಂಡೆವು. ಮೊದಲನೆಯದನ್ನು ಫಿಟ್ಟರ್ ಹಿರಿಯರು ಹಾಕಿದರು.

ಮಾವನವರ ಮನೆಯ ಲಗ್ನಪತ್ರಿಕೆ ಈ ವರ್ಷವೂ ಬಂದಿದೆ. ಮುಂಚೆ ತಾವೇ ಬಂದು ಕೊಡುತ್ತಿದ್ದರು, ಈಗ ಅಂಚೆಯಲ್ಲಿ ಬರುತ್ತದೆ. ನಾವಿಬ್ಬರೂ ಹೋಗಿ ಬರುತ್ತೇವೆ.